ಹಳೆಯ ವಿದ್ಯುತ್ ಕಾರಿಗೆ ನ್ಯಾಯವಾದ ಬೆಲೆ ಯಾವುದು?

ಕೊಳ್ಳುವವನೂ ಮಾರುವವನೂ ಒಪ್ಪಿದ ಬೆಲೆಯೇ ನ್ಯಾಯವಾದ ಬೆಲೆಯೆಂಬುದು ಲೋಕದ ಮಾತು. ಹತ್ತಿಗೂ ಜೋಳಕ್ಕೂ ಈ ಮಾತು ಬಹುಮಟ್ಟಿಗೆ ಸಲ್ಲುವುದು. ಹತ್ತಿಯ ಎಳೆಯನ್ನು ಹಿಂಜಿ ನೋಡಬಹುದು. ಜೋಳವನ್ನು ಅಂಗೈಯಲ್ಲಿ ಹರವಿ ನೋಡಬಹುದು. ಆದರೆ ಸರಕಿನ ಸಾರವು ಕಣ್ಣಿಗೆ ಬೀಳದೆ ಒಳಗೆ ಅಡಗಿರುವಲ್ಲಿ, ಅದನ್ನು ಒಬ್ಬನು ಬಲ್ಲನು, ಮತ್ತೊಬ್ಬನು ಅರಿಯನು ಎಂದಿರುವಲ್ಲಿ, ಅವರಿಬ್ಬರ ಒಪ್ಪಿಗೆಯನ್ನು ಒಪ್ಪಿಗೆಯೆನ್ನಬಹುದೇ? ಸದ್ಗೃಹಸ್ಥರ ಮನೆಗಳಲ್ಲಿ ವಿದ್ಯುತ್ತಿನಿಂದ ನಡೆಯುವ ಕಾರುಗಳು ಕೈಯಿಂದ ಕೈಗೆ ದಾಟತೊಡಗಿರುವ ಈ ಕಾಲದಲ್ಲಿ ಇದು ಬರಿಯ ತರ್ಕದ ಪ್ರಶ್ನೆಯಾಗಿ ಉಳಿದಿಲ್ಲ. ಆದುದರಿಂದ ಇದನ್ನು ಕೊಂಚ ವಿಚಾರಿಸೋಣ.

ಪೆಟ್ರೋಲಿನ ಕಾರು ತನ್ನ ಮುಪ್ಪನ್ನು ತಾನೇ ಹೇಳಿಕೊಳ್ಳುವುದು. ಇಂಜಿನ್ನು ಕೆಮ್ಮುವುದು, ಹೊಗೆಯ ಬಣ್ಣ ಬದಲಾಗುವುದು, ಎಣ್ಣೆ ಸೋರುವುದು. ಅನುಭವಿಯಾದ ಮೆಕ್ಯಾನಿಕನು ಅರ್ಧ ಗಳಿಗೆಯಲ್ಲಿ ಅದರ ಜಾತಕವನ್ನು ಓದಬಲ್ಲನು. ವಿದ್ಯುತ್ ಕಾರಿನಲ್ಲಿ ಈ ಲಕ್ಷಣಗಳಿಲ್ಲ. ಅದರ ಒಡಲು ಬೇರೆ, ಪ್ರಾಣ ಬೇರೆ. ಪ್ರಾಣವೆಂದರೆ ಬ್ಯಾಟರಿ. ಕಾರಿನ ಬೆಲೆಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಅದರದೇ ಎಂದರೆ ಹೆಚ್ಚಲ್ಲ. ಈ ಬ್ಯಾಟರಿಯ ಧಾರಣಶಕ್ತಿಯು ವರ್ಷ ವರ್ಷಕ್ಕೆ ಇಳಿಯುವುದು. ಬಿಸಿಲು, ಬಹುಕಾಲ ಪೂರ್ತಿ ತುಂಬಿಸಿ ನಿಲ್ಲಿಸುವುದು, ತೀರ ಬರಿದಾಗಲು ಬಿಡುವುದು, ಮೇಲಿಂದ ಮೇಲೆ ಶೀಘ್ರ ಚಾರ್ಜು ಮಾಡುವುದು, ಇವು ಆ ಇಳಿತವನ್ನು ಹೆಚ್ಚಿಸುವುವು. ಇಷ್ಟೆಲ್ಲ ಆದರೂ ಬಣ್ಣ ಮಾಸದು, ಸದ್ದು ಬಾರದು. ಹೊಳೆಯುವ ಕಾರಿನೊಳಗೆ ದಣಿದ ಪ್ರಾಣವಿರಬಹುದು. ಗೀರು ಬಿದ್ದ ಕಾರಿನೊಳಗೆ ಗಟ್ಟಿ ಪ್ರಾಣವಿರಬಹುದು.

ಕನ್ನಡ ನಾಡಿಗೆ ಈ ಪ್ರಶ್ನೆ ಹೊಸದಲ್ಲ. ಬೆಂಗಳೂರಿನಲ್ಲಿ ತಯಾರಾದ ರೇವಾ ಎಂಬ ಪುಟ್ಟ ವಿದ್ಯುತ್ ಕಾರು 2001ರಲ್ಲಿಯೇ ಮಾರುಕಟ್ಟೆಗೆ ಬಂದಿತು. ಲಂಡನ್ನಿನ ಬೀದಿಗಳಲ್ಲಿಯೂ ಜೀ-ವಿಜ್ ಎಂಬ ಹೆಸರಿನಿಂದ ಓಡಾಡಿತು. ಅದರೊಳಗಿದ್ದುದು ಸೀಸದ ಬ್ಯಾಟರಿ; ಕೆಲವು ವರ್ಷಗಳಿಗೊಮ್ಮೆ ಅದನ್ನು ಬದಲಿಸಲೇಬೇಕಾಗಿತ್ತು. ಆದುದರಿಂದ ಹಳೆಯ ರೇವಾ ಕೊಳ್ಳುವವನು ಕಾರಿನ ವಯಸ್ಸಿಗಿಂತ ಮೊದಲು ಬ್ಯಾಟರಿಯ ವಯಸ್ಸನ್ನು ಕೇಳಬೇಕಾಗಿತ್ತು. ಇಂದಿನ ಲಿಥಿಯಂ ಬ್ಯಾಟರಿ ಅದಕ್ಕಿಂತ ಬಹುಕಾಲ ಬಾಳುವುದು ನಿಜ. ಆದರೂ ವಯಸ್ಸು ಒಂದೇ ಆದ ಮಾತ್ರಕ್ಕೆ ಶಕ್ತಿ ಒಂದೇ ಆಗಲಾರದು. 2012ರಲ್ಲಿ ಅಮೆರಿಕದ ಅರಿಜೋನಾ ಪ್ರಾಂತದ ಸುಡುಬಿಸಿಲಿನಲ್ಲಿ ನಿಸಾನ್ ಲೀಫ್ ಕಾರಿನ ಕೆಲವು ಒಡೆಯರು ಎರಡು ವರ್ಷ ತುಂಬುವ ಮೊದಲೇ ಬ್ಯಾಟರಿಯ ಶಕ್ತಿ ಕುಗ್ಗಿತೆಂದು ದೂರಿದರು. ಮರುವರ್ಷ ಆ ಕಂಪನಿಯು ಶಕ್ತಿಯ ಇಳಿತಕ್ಕೂ ಅನ್ವಯಿಸುವಂತೆ ವಾರಂಟಿಯನ್ನು ವಿಸ್ತರಿಸಬೇಕಾಯಿತು. ರಾಯಚೂರಿನ ಬೇಸಗೆಯಲ್ಲಿ ಬಯಲಿನಲ್ಲಿ ನಿಂತ ಕಾರು ಮತ್ತು ಬೆಂಗಳೂರಿನ ನೆರಳಿನಲ್ಲಿ ನಿಂತ ಕಾರು ಒಂದೇ ಅಲ್ಲವೆಂಬುದನ್ನು ನಾವು ಇದರಿಂದ ತಿಳಿಯಬೇಕು.

ಬೆಲೆ ಕಟ್ಟುವಾಗ ಮಾರುವವನಿಗೆ ಮೊದಲು ಅಡ್ಡಬರುವುದು ತಾನು ಕೊಟ್ಟ ಹಣದ ನೆನಪು. ಟಾಟಾ ನೆಕ್ಸಾನ್ ವಿದ್ಯುತ್ ಕಾರು 2020ರ ಜನವರಿಯಲ್ಲಿ ಬಂದಾಗ ಅದರ ಆರಂಭದ ಬೆಲೆ 13.99 ಲಕ್ಷ ರೂಪಾಯಿ. 2024ರ ಸೆಪ್ಟೆಂಬರಿನ ಹಬ್ಬದ ಕಾಲದಲ್ಲಿ ಅದೇ ಹೆಸರಿನ, ಇನ್ನೂ ಸುಧಾರಿಸಿದ ಹೊಸ ಕಾರು 12.49 ಲಕ್ಷಕ್ಕೆ ಆರಂಭವಾಯಿತು. ಹೊಸದೇ ಅಗ್ಗವಾದಾಗ ಹಳೆಯದರ ಬೆಲೆಯನ್ನು ಹಳೆಯ ರಶೀದಿಯಿಂದ ಎಣಿಸುವುದೆಂತು? ಕಾಲವು ಮಾಡಿದ ನಷ್ಟ ಒಡೆಯನದೇ. ಅದನ್ನು ಮುಚ್ಚುಮರೆಯಿಂದ ಕೊಳ್ಳುವವನ ತಲೆಗೆ ಕಟ್ಟುವ ಆಸೆಯೇ ಅನ್ಯಾಯದ ಮೊದಲ ಮೆಟ್ಟಿಲು. ಆದುದರಿಂದ ಎಣಿಕೆಯು ಇಂದಿನ ಹೊಸ ಕಾರಿನ ಬೆಲೆಯಿಂದ ಆರಂಭವಾಗಬೇಕು.

ಇನ್ನು ಎಣಿಕೆಯ ಕ್ರಮವನ್ನು ಒಂದು ದೃಷ್ಟಾಂತದಿಂದ ತೋರಿಸುವೆವು. ಅಂತಹದೇ ಹೊಸ ಕಾರಿಗೆ ಇಂದು 12 ಲಕ್ಷವೆಂದು ಭಾವಿಸಿರಿ. ಅದರಲ್ಲಿ ಬ್ಯಾಟರಿಗೆ 4 ಲಕ್ಷ, ಉಳಿದ ಒಡಲಿಗೆ 8 ಲಕ್ಷ. ಐದು ವರ್ಷ ಓಡಿದ ಒಡಲಿಗೆ ಅರ್ಧ ಬೆಲೆ, ಅಂದರೆ 4 ಲಕ್ಷ ಇರಲಿ. ಬ್ಯಾಟರಿಯ ಶಕ್ತಿ ನೂರರಿಂದ ಎಪ್ಪತ್ತಕ್ಕೆ ಇಳಿದರೆ ಅದು ಕಾರಿನ ಕೆಲಸಕ್ಕೆ ದಣಿದಂತೆ ಎಂದು ಅನೇಕ ತಯಾರಕರು ವಾರಂಟಿಯಲ್ಲಿ ಎಲ್ಲೆ ಹಾಕುವರು. ಹಾಗಾದರೆ ಬಳಸಲು ಇರುವುದು 30 ಅಂಶ. ಈ ಕಾರಿನ ಬ್ಯಾಟರಿ ನೂರಕ್ಕೆ 90ರಷ್ಟಿದ್ದರೆ 20 ಅಂಶ ಉಳಿದಿದೆ. ಅದರ ಬೆಲೆ ಸುಮಾರು 2.67 ಲಕ್ಷ, ಒಟ್ಟು 6.67 ಲಕ್ಷ. ಅದೇ ಬ್ಯಾಟರಿ 78ಕ್ಕೆ ಇಳಿದಿದ್ದರೆ ಉಳಿದುದು 8 ಅಂಶ. ಬೆಲೆ ಸುಮಾರು 1.07 ಲಕ್ಷ, ಒಟ್ಟು 5.07 ಲಕ್ಷ. ಪೇಟೆಯ ಧಾರಣೆ ಇದಕ್ಕಿಂತ ಹೆಚ್ಚು ಕಡಿಮೆಯಾಗಬಹುದು. ಆದರೆ ಎರಡು ಮೊತ್ತಗಳ ಅಂತರವನ್ನು ಗಮನಿಸಿರಿ. ಹೊರಗೆ ಎರಡೂ ಒಂದೇ ಕಾರು. ಒಳಗಿನ ಒಂದು ಸಂಖ್ಯೆಯನ್ನು ಹೇಳಿದರೆ ಒಂದು ಬೆಲೆ, ಹೇಳದಿದ್ದರೆ ಮತ್ತೊಂದು. ಹೀಗೆ ಒಂದು ಮಾತಿನ ತೂಕ ಇಲ್ಲಿ 1.60 ಲಕ್ಷ ರೂಪಾಯಿ.

ಆ ಸಂಖ್ಯೆಯನ್ನು ಅರಿಯುವುದು ದುಸ್ಸಾಧ್ಯವೇನೂ ಅಲ್ಲ. ಕಂಪನಿಯ ಸರ್ವಿಸ್ ಕೇಂದ್ರದ ಪರೀಕ್ಷೆ ಉತ್ತಮ. ಮನೆಯಲ್ಲಿಯೂ ಸ್ಥೂಲವಾಗಿ ಅಳೆಯಬಹುದು. ಹೊಸದರಲ್ಲಿ 30 ಯೂನಿಟ್ ಹಿಡಿಯುತ್ತಿದ್ದ ಬ್ಯಾಟರಿಯನ್ನು ನೂರಕ್ಕೆ 20ರಿಂದ ಪೂರ್ತಿ ತುಂಬಿಸಲು ಮೀಟರಿನಲ್ಲಿ 25 ಯೂನಿಟ್ ಓಡಿತೆನ್ನೋಣ. ಹತ್ತರಲ್ಲೊಂದು ಭಾಗ ಶಾಖವಾಗಿ ಸೋರಿಹೋದರೆ ಒಳಸೇರಿದುದು 22.5. ಇದು ಐದರಲ್ಲಿ ನಾಲ್ಕು ಪಾಲಾದುದರಿಂದ ಪೂರ್ಣಶಕ್ತಿ ಸುಮಾರು 28. ಅಂದರೆ ನೂರಕ್ಕೆ 93ರಷ್ಟು. ವಾರಂಟಿಯನ್ನೂ ನೋಡಬೇಕು. ನಮ್ಮ ದೇಶದಲ್ಲಿ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರು ಎಂಬ ವಾರಂಟಿ ಸಾಮಾನ್ಯ. ಆದರೆ 2025ರಲ್ಲಿ ಟಾಟಾ ಕಂಪನಿಯು ಕೆಲವು ಕಾರುಗಳಿಗೆ ಘೋಷಿಸಿದ ಆಜೀವ ವಾರಂಟಿಯು ಮೊದಲ ಒಡೆಯನಿಗೆ ಮಾತ್ರ. ಅದನ್ನು ಕೊಳ್ಳುವವನಿಗೂ ಸಲ್ಲುವುದೆಂಬಂತೆ ತೋರಿಸಿ ಬೆಲೆ ಏರಿಸಿದರೆ ತನ್ನದಲ್ಲದುದನ್ನು ಮಾರಿದಂತಾಗುವುದು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು. “ನಾನು ಸುಳ್ಳು ಹೇಳಲಿಲ್ಲ, ಸುಮ್ಮನಿದ್ದೆನು. ಕೊಳ್ಳುವವನಿಗೂ ಕಣ್ಣಿದೆ; ಪರೀಕ್ಷಿಸಿಕೊಳ್ಳಲಿ” ಎಂದು ಮಾರುವವನು ವಾದಿಸಬಹುದು. ರಾಜಶಾಸನವೂ ಬಹುಮಟ್ಟಿಗೆ ಅವನ ಬೆಂಬಲಕ್ಕಿದೆ. 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಕಲಮಿನಲ್ಲಿ ಕುದುರೆಯ ಉದಾಹರಣೆಯೊಂದಿದೆ. ರೋಗಿಷ್ಠ ಕುದುರೆಯನ್ನು ಹರಾಜಿನಲ್ಲಿ ಮಾರುವವನು ಅದರ ರೋಗವನ್ನು ಬಲ್ಲವನಾಗಿಯೂ ಸುಮ್ಮನಿದ್ದರೆ ಅದು ವಂಚನೆಯಲ್ಲ. ಆದರೆ ಕೊಳ್ಳುವವಳು ಆಗತಾನೆ ಪ್ರಾಪ್ತವಯಸ್ಕಳಾದ ಅವನ ಮಗಳಾಗಿದ್ದರೆ ಹೇಳುವುದು ಅವನ ಕರ್ತವ್ಯ. ಮತ್ತೆ, “ನೀನು ಅಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆಯೆಂದು ತಿಳಿಯುವೆನು” ಎಂದು ಕೊಳ್ಳುವವನು ಹೇಳಿದಾಗಲೂ ಸುಮ್ಮನಿದ್ದರೆ ಆ ಮೌನವು ಮಾತಿಗೆ ಸಮಾನ.

ಶಾಸನವು ಇಷ್ಟಕ್ಕೆ ನಿಲ್ಲುವುದು ಯುಕ್ತವೇ. ಎಲ್ಲ ಮೌನವನ್ನೂ ದಂಡಿಸಹೊರಟರೆ ವ್ಯಾಪಾರವೇ ನಡೆಯದು. ಆದರೆ ಧರ್ಮವು ಆ ಉದಾಹರಣೆಯಲ್ಲಿಯೇ ಅಡಗಿರುವ ಪ್ರಶ್ನೆಯನ್ನು ಎತ್ತಿ ಕೇಳುವುದು: ಮಗಳಿಗೆ ಹೇಳಲೇಬೇಕಾದುದನ್ನು ನೆರೆಯವನ ಮಗಳಿಗೆ ಹೇಳಬೇಡವೇ? ಮಗಳು ಕೊಳ್ಳುವಾಗ ಹೇಳತಕ್ಕ ಮಾತೆಂದು ಮನಸ್ಸಿಗೆ ತೋರಿತೆಂದರೆ, ಪರರು ಕೊಳ್ಳುವಾಗ ಅದನ್ನು ನುಂಗಿಕೊಳ್ಳುವುದು ಅರಿವಿನ ಕೊರತೆಯಿಂದಲ್ಲ, ಲೋಭದಿಂದ. ಪರೀಕ್ಷಿಸಿಕೊಳ್ಳಲಿ ಎಂಬ ಮಾತೂ ನಿಲ್ಲದು. ಮಾರುವವನಿಗೆ ಐದು ವರ್ಷದ ಒಡನಾಟವಿದೆ. ಕೊಳ್ಳುವವನಿಗೆ ದೊರೆಯುವುದು ಒಂದು ಸುತ್ತಿನ ಸವಾರಿ. ಆದುದರಿಂದ ನಮ್ಮ ಸಿದ್ಧಾಂತವಿದು: ಒಬ್ಬನು ಅರಿತುದನ್ನೆಲ್ಲ ಮತ್ತೊಬ್ಬನೂ ಅರಿತ ಮೇಲೆ ಯಾವ ಬೆಲೆ ಬದಲಾಗದೆ ನಿಲ್ಲುವುದೋ ಅದೇ ನ್ಯಾಯವಾದ ಬೆಲೆ.

ಈ ಸೂತ್ರವು ಕೊಳ್ಳುವವನನ್ನೂ ಬಿಡದು. ವಿದ್ಯುತ್ ಕಾರೆಂದರೆ ಐದು ವರ್ಷಕ್ಕೆ ಕಸವೆಂಬ ವದಂತಿಯನ್ನು ಹಿಡಿದು, ಬ್ಯಾಟರಿ ಗಟ್ಟಿಯಾಗಿದೆಯೆಂದು ತಾನು ಅಳೆದು ತಿಳಿದಿದ್ದರೂ, ಗಂಡನನ್ನು ಕಳೆದುಕೊಂಡ ಹೆಣ್ಣುಮಗಳಿಂದ ಅವಳ ಮನೆಯ ಕಾರನ್ನು ಅರ್ಧ ಬೆಲೆಗೆ ಕೊಂಡುಹೋಗುವವನಿದ್ದಾನೆ. ಅವನೂ ಸುಳ್ಳಾಡಲಿಲ್ಲ, ಸುಮ್ಮನಿದ್ದನಷ್ಟೆ. ಮಾರುವವನ ಮೌನವನ್ನು ಮೋಸವೆನ್ನುವ ನಾವು ಕೊಳ್ಳುವವನ ಮೌನವನ್ನು ಜಾಣತನವೆಂದು ಹೊಗಳಿದರೆ ನಮ್ಮ ತಕ್ಕಡಿಯೇ ಸೊಟ್ಟಗಾದಂತೆ. ಚೌಕಾಶಿ ಮಾಡುವುದು ದೋಷವಲ್ಲ; ಮತ್ತೊಬ್ಬರ ಅಜ್ಞಾನವನ್ನೂ ಅವಸರವನ್ನೂ ಸರಕಾಗಿ ಮಾಡಿಕೊಳ್ಳುವುದು ದೋಷ.

ಇಬ್ಬರೂ ನಿಜವಾಗಿ ಅರಿಯದಿದ್ದರೆ? ಆಗ ತಿಳಿಯದೆಂದು ಹೇಳುವುದೇ ಸತ್ಯ. ಅಪಾಯವನ್ನು ಹಂಚಿಕೊಳ್ಳುವುದೇ ನ್ಯಾಯ. ಪ್ರಾಚೀನರು ಇದಕ್ಕೂ ದಾರಿ ತೋರಿಸಿದ್ದಾರೆ. ಕೌಟಿಲ್ಯನ ಅರ್ಥಶಾಸ್ತ್ರದ ಮೂರನೆಯ ಅಧಿಕರಣದಲ್ಲಿ ಕ್ರಯವಿಕ್ರಯವನ್ನು ಹಿಂತೆಗೆದುಕೊಳ್ಳುವ ಅನುಶಯದ ಪ್ರಕರಣವಿದೆ. ವ್ಯಾಪಾರಿಗಳಿಗೆ ಒಂದು ರಾತ್ರಿ, ಕೃಷಿಕರಿಗೆ ಮೂರು ರಾತ್ರಿ, ಗೋಪಾಲಕರಿಗೆ ಐದು ರಾತ್ರಿ ಎಂದು ಅಲ್ಲಿ ಅವಧಿಯಿದೆ. ಹಸುವಿನ ಗುಣದೋಷ ಒಂದೇ ಕರಾವಿನಲ್ಲಿ ತಿಳಿಯದೆಂಬುದು ಇದರ ತಾತ್ಪರ್ಯವೆಂದು ನಾವು ಭಾವಿಸಬಹುದು. ಅಂತೆಯೇ ಬ್ಯಾಟರಿಯ ನಿಜವು ಒಂದು ಸವಾರಿಯಲ್ಲಿ ತಿಳಿಯದು. ಪರಿಚಿತರಾದ ಗೃಹಸ್ಥರು ಒಂದು ವಾರದ ಅನುಶಯವನ್ನು ತಮ್ಮತಮ್ಮೊಳಗೆ ಕಾಗದದಲ್ಲಿ ಬರೆದುಕೊಳ್ಳಬಹುದು. ಬೆಲೆಯ ಒಂದು ಭಾಗವನ್ನು ಮಧ್ಯಸ್ಥರಲ್ಲಿರಿಸಿ, ಎರಡು ಮೂರು ಬಾರಿ ತುಂಬಿಸಿ ಓಡಿಸಿ, ದೊರೆತ ಸಂಖ್ಯೆಗೆ ತಕ್ಕಂತೆ ಹಣವನ್ನು ಬಿಟ್ಟುಕೊಡಬಹುದು, ಇಲ್ಲವೆ ಮರಳಿಸಬಹುದು. ಇದರಿಂದ ಸ್ನೇಹವೂ ಉಳಿಯುವುದು.

ಹೀಗೆ ಮಾಡಿದರೆ ನಷ್ಟವಾಗದೇ ಎಂದು ಕೇಳುವವರಿರಬಹುದು. ಆಗುವುದು, 78ರ ಬ್ಯಾಟರಿಯುಳ್ಳವನು ಮೇಲಿನ ಲೆಕ್ಕದಂತೆ 1.60 ಲಕ್ಷವನ್ನು ಬಿಡಬೇಕಾಗುವುದು. ಗೃಹಸ್ಥನಿಗೆ ಅದು ಅಲ್ಪವಲ್ಲ. ಮಕ್ಕಳ ವಿದ್ಯಾಭ್ಯಾಸಕ್ಕೆ ಒದಗುವ ಹಣವದು. ಆದರೆ ಆ ಹಣವು ಅವನ ಕಾರಿನಲ್ಲಿ ಎಂದೋ ಸವೆದುಹೋಗಿದೆ. ಇಲ್ಲದುದನ್ನು ಇದೆಯೆಂದು ಪಡೆದರೆ ಅದು ಕಾಯಕದ ಹಣವಾಗದು. ಕೊಂಡವನ ಮನೆಯ ಮಕ್ಕಳ ಪಾಲನ್ನು ತಂದಂತಾಗುವುದು. ಆದುದರಿಂದ ಕೀಲಿಕೈಯನ್ನು ಕೊಡುವ ಮುನ್ನ ಬ್ಯಾಟರಿಯ ವರದಿಯನ್ನು ಕೊಡಲಿ. ಕೇಳುವ ಮುನ್ನವೇ ಕೊಡಲಿ.