ಕೇಳಿದರೆ ನಂಬಿಕೆ ಕೆಡುತ್ತದೆಯೇ?

ನಮ್ಮಲ್ಲಿ ಅಡಿಕೆ ಕೊಳ್ಳುವ ವ್ಯಾಪಾರಿ ಗೋಣಿಯ ಅಡಿಯವರೆಗೆ ಕೈ ಹಾಕಿ ನಾಲ್ಕು ಅಡಿಕೆ ತೆಗೆದು ಕತ್ತರಿಸಿ ಒಳಗೆ ನೋಡುತ್ತಾನೆ. ಯಾರಿಗೂ ಬೇಸರ ಆಗುವುದಿಲ್ಲ. ದನ ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ಎರಡು ಹೊತ್ತು ಕರೆದೂ ನೋಡುತ್ತೇವೆ. ಜಾಗ ಕೊಳ್ಳುವುದಾದರೆ ಸಬ್ ರಿಜಿಸ್ಟ್ರಾರ್ ಕಚೇರಿಯಿಂದ ಕುಡಿಕ್ಕಡ ಸರ್ಟಿಫಿಕೇಟ್, ಅಂದರೆ ಋಣಭಾರ ಪತ್ರ, ತೆಗೆಸದೆ ಮುಂಗಡ ಕೊಡುವವರು ಈಗ ಕಡಿಮೆ. ಆದರೆ ಹಳೆಯ ಕಾರಿನ ವಿಷಯ ಬಂದಾಗ ಮಾತ್ರ ನಮ್ಮ ನಾಲಿಗೆ ಕಟ್ಟಿಹೋಗುತ್ತದೆ. ಟಯರ್ ಒದ್ದು ನೋಡುತ್ತೇವೆ, ಬಾನೆಟ್ ಎತ್ತುತ್ತೇವೆ, ಒಂದು ಸುತ್ತು ಓಡಿಸಿಯೂ ನೋಡುತ್ತೇವೆ. "ಇದರ ಮೇಲೆ ಸಾಲ ಉಂಟಾ? ಕೇಸ್ ಉಂಟಾ? ಆರ್‌ಸಿ ಯಾರ ಹೆಸರಿನಲ್ಲಿ ಉಂಟು?" ಎಂದು ಕೇಳಲು ಮಾತ್ರ ಸಂಕೋಚ. ಕೇಳಿದರೆ ಆ ಕಡೆಯಿಂದ ಬರುವ ಉತ್ತರ ಹೆಚ್ಚಾಗಿ ಒಂದೇ: "ಎಂತ ಮಾರಾಯ್ರೆ, ನನ್ನ ಮೇಲೆ ನಂಬಿಕೆ ಇಲ್ವಾ?"

ಈ ಪ್ರಶ್ನೆಯನ್ನೇ ಸ್ವಲ್ಪ ನಿಂತು ನೋಡಬೇಕು ಅಂತ ನನಗೆ ಅನ್ನಿಸುತ್ತದೆ. ಕೇಳುವುದು ಅಪನಂಬಿಕೆಯೇ? ಅಥವಾ ಕೇಳದೆ ಇರುವುದರಲ್ಲೇ ಏನಾದರೂ ತಪ್ಪು ಉಂಟೇ?

ನಮ್ಮ ಕಾಸರಗೋಡಿನವರಿಗೆ ಈ ವಿಷಯದಲ್ಲಿ ಒಂದು ವಿಶೇಷ ಕಷ್ಟ ಉಂಟು. 1956ರಲ್ಲಿ ರಾಜ್ಯಗಳು ಭಾಷೆಯ ಮೇಲೆ ವಿಂಗಡಣೆ ಆದಾಗ ನಾವು ಕೇರಳಕ್ಕೆ ಸೇರಿದೆವು. ಕಚೇರಿ, ಕಾಗದ ಎಲ್ಲ ಈ ಕಡೆ. ಆಸ್ಪತ್ರೆ, ಕಾಲೇಜು, ಮದುವೆ ಜವಳಿ, ನೆಂಟಸ್ತನ ಹೆಚ್ಚಿನದು ತಲಪಾಡಿಯ ಆ ಕಡೆ. ಹಳೆಯ ಕಾರು ನೋಡಲಿಕ್ಕೂ ನಾವು ಆ ಕಡೆಗೇ ಹೋಗುತ್ತೇವೆ. ಅಲ್ಲಿ ಮಾರುವವನು ನಮ್ಮದೇ ಕನ್ನಡ, ನಮ್ಮದೇ ತುಳು ಮಾತಾಡುತ್ತಾನೆ. ಇಲ್ಲಿಯ ಕಚೇರಿಯಲ್ಲಿ ಅರ್ಧ ಅರ್ಥ ಆಗಿ ಅರ್ಧ ಆಗದೆ ನಿಂತು ಬಂದವನಿಗೆ ಆ ಮಾತು ಕೇಳಿದಾಗಲೇ ಅರ್ಧ ನಂಬಿಕೆ ಬಂದುಬಿಡುತ್ತದೆ. "ನಮ್ಮವರೇ ಅಲ್ವಾ" ಎನ್ನುತ್ತೇವೆ. ಭಾಷೆ ಒಂದೇ ಆದದ್ದು ಒಳ್ಳೆಯದೇ. ಆದರೆ ಕಾರಿನ ಮೇಲಿನ ಸಾಲಕ್ಕೆ ಯಾವ ಭಾಷೆಯೂ ಇಲ್ಲ.

ನನ್ನ ನೆರೆಯ ಒಬ್ಬರು ಹೀಗೆಯೇ ಒಂದು ಕಾರು ತಂದರು. ಸಣ್ಣ ತೋಟ, ಮನೆಯಲ್ಲಿ ತಾಯಿಗೆ ಡಯಾಲಿಸಿಸ್. ವಾರಕ್ಕೆ ಎರಡು ಸಲ ರಿಕ್ಷಾ, ಬಸ್ಸು ಅಂತ ಆ ಮುದುಕಿಯನ್ನು ಅಲೆದಾಡಿಸಿ ಸಾಕಾಗಿತ್ತು. ಎರಡು ವರ್ಷದ ಅಡಿಕೆಯ ದುಡ್ಡು ಕೊಟ್ಟು ಕಾರು ತಂದರು. ಸಿಕ್ಕಿದ್ದು ಆರ್‌ಸಿಯ ಒಂದು ಜೆರಾಕ್ಸ್, ಮಾರಿದವರ ಸಹಿ ಇದ್ದ ಎರಡು ಫಾರಂ, ಮತ್ತು "ಹೆಸರು ಬದಲಾವಣೆ ಏಜೆಂಟ್ ಮಾಡಿ ಕೊಡ್ತಾನೆ" ಎಂಬ ಮಾತು. ಏಳು ತಿಂಗಳು ಕಳೆದ ಮೇಲೆ ಸಾಲ ಕೊಟ್ಟವರ ಕಡೆಯಿಂದ ಇಬ್ಬರು ಬಂದರು. ಗಲಾಟೆ ಏನೂ ಮಾಡಲಿಲ್ಲ, ಕಾಗದ ತೋರಿಸಿದರು. ಹಿಂದಿನವನು ಕಂತು ಕಟ್ಟಿರಲಿಲ್ಲ. ಕಾರು ಹೋಯಿತು. ಮಾರಿದವನ ಫೋನು ಸತ್ತುಹೋಗಿತ್ತು. ಆ ದಿನ ಸಂಜೆ ನೆರೆಯವರು ದುಡ್ಡಿನ ಬಗ್ಗೆ ಹೆಚ್ಚು ಮಾತಾಡಲಿಲ್ಲ. "ಅವ ನನ್ನ ಅಮ್ಮನ ವಿಷಯ ಎಲ್ಲ ಕೇಳಿದ, ಕನ್ನಡದಲ್ಲೇ ಕೇಳಿದ" ಅಂತ ಎರಡು ಮೂರು ಸಲ ಹೇಳಿದರು.

ಇದನ್ನು ಕೇಳಿದ ಹೆಚ್ಚಿನವರು ಹೇಳಿದ್ದು, "ಅವರು ನೋಡಿ ತೆಗೆದುಕೊಳ್ಳಬೇಕಿತ್ತು" ಎಂದು. ಆ ಮಾತಿನಲ್ಲಿ ಅರ್ಧ ಸತ್ಯ ಉಂಟು. ಇನ್ನರ್ಧ ಏನು ಅಂತ ಕಾನೂನೇ ಹೇಳುತ್ತದೆ. 1930ರ ಸರಕು ಮಾರಾಟ ಕಾಯ್ದೆಯಲ್ಲಿ ಎರಡು ಸಂಗತಿಗಳನ್ನು ಬೇರೆ ಬೇರೆ ಇಟ್ಟಿದ್ದಾರೆ. ಸರಕಿನ ಗುಣಮಟ್ಟ ನೋಡಿಕೊಳ್ಳುವುದು ಸಾಮಾನ್ಯವಾಗಿ ಕೊಳ್ಳುವವನ ಕೆಲಸ. ಇಂಜಿನ್ ಹೊಗೆ ಬಿಡುತ್ತದೋ, ಕ್ಲಚ್ ಸವೆದಿದೆಯೋ, ಅದನ್ನು ನಾವು ನೋಡಬೇಕು. ಆದರೆ ಹಕ್ಕಿನ ವಿಷಯ ಹಾಗಲ್ಲ. ಮಾರುವ ಹಕ್ಕು ತನಗಿದೆ, ಕೊಳ್ಳುವವನಿಗೆ ಗೊತ್ತಿಲ್ಲದ ಯಾವ ಸಾಲದ ಭಾರವೂ ವಸ್ತುವಿನ ಮೇಲೆ ಇಲ್ಲ ಎಂಬ ಭರವಸೆ ಮಾರಾಟದ ಒಳಗೇ ಅಡಗಿದೆ ಎಂದು 14ನೇ ಸೆಕ್ಷನ್ ಹೇಳುತ್ತದೆ. ಬಾಯಿಬಿಟ್ಟು ಹೇಳಬೇಕೆಂದಿಲ್ಲ. ಮಾರಿದ ಎಂದರೆ ಆ ಭರವಸೆ ಕೊಟ್ಟ ಹಾಗೆ. ಹಾಗಾಗಿ "ಅವರು ಕೇಳಲಿಲ್ಲ, ನಾನು ಹೇಳಲಿಲ್ಲ, ಸುಳ್ಳಂತೂ ಹೇಳಲಿಲ್ಲ" ಎನ್ನುವ ಜಾಣತನ ಇಲ್ಲಿ ನಡೆಯುವುದಿಲ್ಲ. ಸುಮ್ಮನಿದ್ದುಕೊಂಡೇ ಅವನು ಒಂದು ಮಾತು ಕೊಟ್ಟಿದ್ದಾನೆ. ಆ ಮಾತು ಸುಳ್ಳು.

ಇದೇ ಕಾಯ್ದೆಯ ಇನ್ನೊಂದು ತತ್ವ ಉಂಟು. ತನ್ನಲ್ಲಿ ಇಲ್ಲದ ಹಕ್ಕನ್ನು ಯಾರೂ ಇನ್ನೊಬ್ಬನಿಗೆ ದಾಟಿಸಲಾರ. ಇದನ್ನು ತಿಳಿಯಲು ನಮ್ಮೂರಿನವರಿಗೆ ವಕೀಲರು ಬೇಕಾಗಿಲ್ಲ, ತಾಳಮದ್ದಲೆ ಕೇಳಿದವರಿಗೆ ಗೊತ್ತೇ ಉಂಟು. ಜೂಜಿನ ಸಭೆಗೆ ಕರೆಯಲು ಬಂದವನನ್ನು ದ್ರೌಪದಿ ಕೇಳುವುದು ಇದನ್ನೇ. ಧರ್ಮರಾಯ ಮೊದಲು ಸೋತದ್ದು ಯಾರನ್ನು, ತನ್ನನ್ನೋ ನನ್ನನ್ನೋ? ತಾನೇ ಸೋತುಹೋದವನಿಗೆ ಇನ್ನೊಬ್ಬರನ್ನು ಪಣಕ್ಕಿಡುವ ಅಧಿಕಾರ ಎಲ್ಲಿಂದ ಬಂತು? ನಾನು ಹೆಣ್ಣನ್ನು ಕಾರಿಗೆ ಹೋಲಿಸುತ್ತಿಲ್ಲ. ಮನುಷ್ಯರನ್ನು ಪಣಕ್ಕಿಟ್ಟದ್ದೇ ಅಲ್ಲಿಯ ಮೊದಲ ಅಧರ್ಮ. ಆದರೆ ಆಕೆ ಎತ್ತಿದ ಪ್ರಶ್ನೆ ಎಲ್ಲ ವ್ಯವಹಾರಕ್ಕೂ ಬೇಕಾದ ಪ್ರಶ್ನೆ. ಆ ಸಭೆಯಲ್ಲಿ ಭೀಷ್ಮ, ದ್ರೋಣರಂಥ ದೊಡ್ಡವರು ಕುಳಿತಿದ್ದರು. ಪ್ರಶ್ನೆ ಕೇಳಿದವಳನ್ನು "ಹಿರಿಯರ ಮೇಲೆ ನಂಬಿಕೆ ಇಲ್ವಾ" ಎಂದು ಬಾಯಿ ಮುಚ್ಚಿಸಿದ್ದರೆ ಧರ್ಮ ಉಳಿಯುತ್ತಿತ್ತೇ? ಆಕೆ ಕೇಳಿದ್ದರಿಂದ ಸಭೆಯ ಮರ್ಯಾದೆ ಹೋಗಲಿಲ್ಲ. ಯಾರೂ ನೇರವಾಗಿ ಉತ್ತರ ಕೊಡದೆ ಇದ್ದದ್ದರಿಂದ ಹೋಯಿತು.

ಈಗ ಕಾರಿಗೆ ಬರುತ್ತೇನೆ. ಕಾರು ಮಾರಾಟದಲ್ಲಿ ಕಣ್ಣಿಗೆ ಕಾಣುವುದು ಇಬ್ಬರು. ಆದರೆ ಮೂರನೆಯವನು ಒಬ್ಬ ಯಾವಾಗಲೂ ಇರುತ್ತಾನೆ. ಸಾಲ ಕೊಟ್ಟ ಸೊಸೈಟಿಯೋ ಬ್ಯಾಂಕೋ ಇರಬಹುದು. ಅಲ್ಲಿರುವ ದುಡ್ಡೂ ನಮ್ಮಂಥವರು ಇಟ್ಟ ಠೇವಣಿಯೇ. ಕಾರು ಕಳೆದುಕೊಂಡು ಠಾಣೆಯಲ್ಲಿ ದೂರು ಬರೆಸಿ ಕಾದು ಕೂತವನು ಇರಬಹುದು. ನಾಳೆ ಅದೇ ಕಾರು ತಾಗಿ ಕಾಲು ಮುರಿದುಕೊಳ್ಳುವ ದಾರಿಹೋಕನೂ ಇರಬಹುದು. ಇಬ್ಬರು ಪರಸ್ಪರ ನಂಬಿ ಕೈ ಕುಲುಕಿದರೆ ಅವರಿಬ್ಬರ ಲೆಕ್ಕ ಮುಗಿಯಬಹುದು. ಅಲ್ಲಿ ಇಲ್ಲದ ಮೂರನೆಯವನ ಪರವಾಗಿ ನಂಬಲು ನಮಗೆ ಅಧಿಕಾರ ಕೊಟ್ಟವರು ಯಾರು? ಕಾಗದ ಕೇಳುವುದು ಎದುರಿಗಿದ್ದವನನ್ನು ಸಂಶಯಿಸುವುದಲ್ಲ, ಎದುರಿಗಿಲ್ಲದವನನ್ನು ನೆನೆಸಿಕೊಳ್ಳುವುದು. ನಾನು ಈ ಲೇಖನದಲ್ಲಿ ಹೇಳಲು ಹೊರಟದ್ದು ಇಷ್ಟೇ.

ಕಾನೂನು ಮಾಡಿದ ವ್ಯವಸ್ಥೆಯೂ ಈ ಮೂರನೆಯವನಿಗಾಗಿಯೇ. 1988ರ ಮೋಟಾರು ವಾಹನ ಕಾಯ್ದೆ ಪ್ರಕಾರ ಸಾಲ ಕೊಟ್ಟವರ ಹೆಸರು ಆರ್‌ಸಿಯಲ್ಲಿ ದಾಖಲಾಗುತ್ತದೆ, ಅವರ ಲಿಖಿತ ಒಪ್ಪಿಗೆ ಇಲ್ಲದೆ ಮಾಲಕತ್ವ ಬದಲಾಗುವುದಿಲ್ಲ. ಸಾಲ ತೀರಿತು ಎಂದು ಬಾಯಲ್ಲಿ ಹೇಳಿದರೆ ಸಾಲದು. ಸಾಲ ಕೊಟ್ಟವರೂ ಮಾಲಕರೂ ಸಹಿ ಮಾಡಿದ ಫಾರಂ 35 ಕಚೇರಿಗೆ ಹೋಗಿ ಆ ದಾಖಲೆ ಅಳಿಯಬೇಕು. ಕೆಎ 19ರ ಕಾರು ನಮ್ಮ ಕೆಎಲ್ 14ಕ್ಕೆ ಬರಬೇಕಾದರೆ ಅಲ್ಲಿಯ ಆರ್‌ಟಿಒದಿಂದ ಫಾರಂ 28ರ ನಿರಾಕ್ಷೇಪಣಾ ಪತ್ರ, ನಾವು ಎನ್‌ಒಸಿ ಅನ್ನುವುದು, ಬೇಕೇ ಬೇಕು. ಅದನ್ನು ಕೊಡುವ ಮೊದಲು ಕಳ್ಳತನದ ಕೇಸು ಇಲ್ಲವೆಂದು ಪೊಲೀಸರಿಂದ ಬರಹದಲ್ಲಿ ತರಿಸಿಕೊಳ್ಳಬೇಕು, ತೆರಿಗೆ ಬಾಕಿ ನೋಡಬೇಕು ಎಂದು ಕಾಯ್ದೆಯ 48ನೇ ಸೆಕ್ಷನ್ ಹೇಳುತ್ತದೆ. ಗಡಿಯವರಾದ ನಮಗೆ ಎನ್‌ಒಸಿ ಒಂದು ಉಪದ್ರ ಅಂತ ಕಾಣುತ್ತದೆ. ನಿಜಕ್ಕೆ ನಮ್ಮ ಪರವಾಗಿ ಇಬ್ಬರು ಕಚೇರಿಯವರು ಪ್ರಶ್ನೆ ಕೇಳಿದ ಹಾಗೆ ಅದು. ಪೂರ್ತಿ ದುಡ್ಡು ಕೊಡುವುದು ಅದು ಕೈಗೆ ಬಂದ ಮೇಲೆ ಎಂದು ಮಾತಾಡಿಕೊಂಡರೆ ಮುಕ್ಕಾಲು ಮೋಸ ಅಲ್ಲೇ ನಿಲ್ಲುತ್ತದೆ. ಮೂಲ ಆರ್‌ಸಿಯನ್ನೇ ನೋಡಬೇಕು, ಜೆರಾಕ್ಸ್ ಅಲ್ಲ. ಅದರಲ್ಲಿರುವ ಚಾಸಿಸ್ ನಂಬ್ರ ಕಾರಿನ ಮೇಲೆ ಕೊರೆದ ನಂಬ್ರದೊಂದಿಗೆ ಸರಿಹೊಂದಬೇಕು. ಎಂ-ಪರಿವಾಹನ್ ಆ್ಯಪಿನಲ್ಲಿ ಕಾರಿನ ನಂಬ್ರ ಹಾಕಿದರೆ ನೋಂದಣಿ, ವಿಮೆಯ ವಿವರ ಸಿಗುತ್ತದೆ. ಕಟ್ಟದ ಇ-ಚಲನ್ ಉಂಟೋ ಎಂದೂ ನೋಡಬಹುದು.

ಮಾರುವವನಿಗೂ ಇದು ತಿಳಿದಿರಬೇಕು. ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ ಮಾರಿದವನು ಅದೇ ರಾಜ್ಯದೊಳಗೆ ಆದರೆ 14 ದಿನದಲ್ಲಿ, ಹೊರರಾಜ್ಯಕ್ಕೆ ಆದರೆ 45 ದಿನದಲ್ಲಿ ಕಚೇರಿಗೆ ತಿಳಿಸಬೇಕು. ಕೊಂಡವನು 30 ದಿನದಲ್ಲಿ. ಕೊಟ್ಟು ಕೈತೊಳೆದರೆ ಮುಗಿಯಲಿಲ್ಲ. ಒಂದು ಕಾರು ಕೈಯಿಂದ ಕೈಗೆ ಹಲವು ಸಲ ದಾಟಿ, ದಾಖಲೆಯಲ್ಲಿ ಹೆಸರು ಮಾತ್ರ ಬದಲಾಗದೆ, ಕೊನೆಗೆ ಅಪಘಾತ ಆದ ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ದಾಖಲೆಯಲ್ಲಿ ಯಾರ ಹೆಸರಿದೆಯೋ ಪರಿಹಾರದ ಹೊಣೆ ಅವನದೇ ಎಂದು 2018ರಲ್ಲಿ ತೀರ್ಪಾಯಿತು. ಪೆಟ್ಟು ತಿಂದವನು ಇಂದಿನ ಮಾಲಕನನ್ನು ಹುಡುಕುತ್ತಾ ಊರೂರು ಅಲೆಯಬಾರದಲ್ಲ? ಇಲ್ಲಿಯೂ ಆ ಮೂರನೆಯವನೇ ಬಂದ ನೋಡಿ.

ಇನ್ನು ಕೊಳ್ಳುವವನ ಮನಸ್ಸಿನ ಒಂದು ಗುಟ್ಟಿನ ವಿಷಯ. ಕೆಲವು ಸಲ ನಾವು ಕೇಳದೆ ಇರುವುದು ಸಂಕೋಚದಿಂದಲ್ಲ, ಲಾಭದಿಂದ. ನಾಲ್ಕು ಲಕ್ಷದ ಕಾರು ಎರಡಕ್ಕೆ ಸಿಗುತ್ತದೆ ಅಂದರೆ ಒಳಗೆ ಏನೋ ಉಂಟು ಅಂತ ಮನಸ್ಸಿಗೆ ಗೊತ್ತಾಗುತ್ತದೆ. ಕೇಳಿದರೆ ಉತ್ತರ ಬಂದೀತು, ಉತ್ತರ ಬಂದರೆ ಬಿಡಬೇಕಾದೀತು, ಅದಕ್ಕೇ ಕೇಳುವುದಿಲ್ಲ. ಇದು ನಂಬಿಕೆ ಅಲ್ಲ. ಮೂರನೆಯವನ ನಷ್ಟದಲ್ಲಿ ನಮಗೂ ಒಂದು ಪಾಲು ಇರಲಿ ಎಂದು ಕಣ್ಣು ಮುಚ್ಚಿಕೊಳ್ಳುವುದು. ಮೇಲೆ ಹೇಳಿದ ನೆರೆಯವರ ವಿಷಯ ಹೀಗಲ್ಲ, ಅವರು ಸರಿಯಾದ ಬೆಲೆಯನ್ನೇ ಕೊಟ್ಟಿದ್ದರು. ಆದ್ದರಿಂದ ಮೋಸ ಹೋದವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ಹಾಕಬಾರದು.

ಮತ್ತೆ ನೋಡುತ್ತಾ ಕುಳಿತವರು. ಆ ಕಾರಿನ ಮೇಲೆ ಸಾಲ ಉಂಟು ಎಂದು ಮಾರಿದವನ ಊರಿನಲ್ಲಿ ನಾಲ್ಕು ಜನರಿಗಾದರೂ ಗೊತ್ತಿದ್ದಿರಬೇಕು. "ನಮಗ್ಯಾಕೆ ಊರ ಉಸಾಬರಿ, ಅವನ ವ್ಯಾಪಾರ ಕೆಡಿಸಿದ ಹೆಸರು ಯಾಕೆ" ಎಂದು ಸುಮ್ಮನಾಗಿದ್ದಾರು. ಜೂಜಿನ ಸಭೆಯಲ್ಲಿ ಕೌರವರ ಪೈಕಿಯೇ ವಿಕರ್ಣ ಎದ್ದು ನಿಂತು, ಇದು ಸರಿಯಲ್ಲ ಎಂದ. ಅವನ ಮಾತು ನಡೆಯಲಿಲ್ಲ, ನಿಜ. ಆದರೂ ಇಂದಿಗೂ ಅರ್ಥಧಾರಿಗಳು ಅವನ ಹೆಸರು ಹೇಳುತ್ತಾರೆ. ಚಾಡಿ ಹೇಳುವುದು ಬೇರೆ. "ದುಡ್ಡು ಕೊಡುವ ಮೊದಲು ಆರ್‌ಸಿ ಒಂದು ಸಲ ನೋಡಿ" ಎಂದು ಹೇಳುವುದರಲ್ಲಿ ಯಾರ ಮಾನವೂ ಹೋಗುವುದಿಲ್ಲ.

ಹಿರಿಯರೊಬ್ಬರು ನನ್ನೊಡನೆ ವಾದ ಮಾಡಿದರು: "ನಮ್ಮ ಅಪ್ಪನ ಕಾಲದಲ್ಲಿ ಬಾಯಿಮಾತಿನಲ್ಲಿ ಎತ್ತು, ಗದ್ದೆ, ಚಿನ್ನ ಎಲ್ಲ ನಡೀತಿತ್ತು. ಕಾಗದ ಬಂದ ಮೇಲೆಯೇ ಮನುಷ್ಯ ಕೆಟ್ಟದ್ದು." ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಆಗ ಬಾಯಿಮಾತಿನ ಹಿಂದೆ ಇಡೀ ಊರು ಇತ್ತು. ಎತ್ತು ಯಾರ ಹಟ್ಟಿಯಲ್ಲಿ ಹುಟ್ಟಿತು, ಯಾರಿಗೆ ಯಾರು ಎಷ್ಟು ಕೊಡಲಿಕ್ಕುಂಟು ಎಂದು ಎಲ್ಲರಿಗೂ ಗೊತ್ತು. ಊರೇ ದಾಖಲೆ ಪುಸ್ತಕ. ಈಗ ಕಾರು ನಾಲ್ಕು ಜಿಲ್ಲೆ ತಿರುಗಿ ಬರುತ್ತದೆ. ಅದರ ಕತೆ ಗೊತ್ತಿರುವುದು ಆ ಕಾಗದಕ್ಕೆ ಮಾತ್ರ. ಅಂದು ಹತ್ತು ಜನರನ್ನು ವಿಚಾರಿಸುತ್ತಿದ್ದ ಹಾಗೆ ಇಂದು ಕಾಗದವನ್ನು ವಿಚಾರಿಸುವುದು.

ಆದರೆ ಒಂದು ಅನ್ಯಾಯ ಮಾತ್ರ ಉಳಿಯುತ್ತದೆ. ಆರ್‌ಸಿ ಇರುವುದು ಇಂಗ್ಲಿಷಿನಲ್ಲಿ, ಕಚೇರಿಯ ನೋಟೀಸು ಮಲಯಾಳದಲ್ಲಿ. ಫೋನಿನಲ್ಲಿ ಬೆರಳಾಡಿಸಲು ಬರುವವನಿಗೆ ಐದು ನಿಮಿಷದ ಕೆಲಸ. ಬಾರದವನು ನಂಬಲೇಬೇಕು, ಅವನಿಗೆ ಬೇರೆ ದಾರಿ ಇಲ್ಲ. "ನೋಡಿ ತೆಗೆದುಕೊಳ್ಳಬೇಕಿತ್ತು" ಎಂದು ಅಂಥವನಿಗೆ ಹೇಳುವ ಮೊದಲು, ನೋಡಲು ನಾವು ಏನು ಸಹಾಯ ಮಾಡಿದ್ದೇವೆ ಎಂದು ಕೇಳಿಕೊಳ್ಳಬೇಕು. ನಮ್ಮ ವಾಚನಾಲಯಕ್ಕೆ ಸಂಜೆ ಬರುವ ಮಾಸ್ತರರು, ಕಾಲೇಜು ಮಕ್ಕಳು ಊರವರಿಗೆ ಒಂದು ಆರ್‌ಸಿ ಓದಿ ಹೇಳಿದರೆ, ಒಂದು ನಂಬ್ರ ಒತ್ತಿ ನೋಡಿ ಕೊಟ್ಟರೆ, ಅದು ಪುಸ್ತಕ ಓದಿ ಹೇಳುವುದಕ್ಕಿಂತ ಕಡಿಮೆ ಕೆಲಸ ಅಲ್ಲ.

ಮಾರುವವರಲ್ಲಿಯೂ ನನ್ನದೊಂದು ಮಾತು. ಕೊಳ್ಳಲು ಬಂದವನು ಕೇಳುವವರೆಗೆ ಕಾಯಬೇಡಿ. ಕೀ ಕೊಡುವ ಮೊದಲು ಕಾಗದದ ಕಟ್ಟನ್ನು ನೀವೇ ಅವನ ಎದುರು ಬಿಚ್ಚಿಡಿ. ಸಾಲ ಇದ್ದರೆ ಇಷ್ಟು ಉಂಟು, ಹೀಗೆ ತೀರಿಸುವುದು ಅಂತ ಹೇಳಿ. ಬೆಲೆ ಸ್ವಲ್ಪ ಕಡಿಮೆ ಆದೀತು. ಆದರೆ ಆಮೇಲೆ ಅವನನ್ನು ದಾರಿಯಲ್ಲಿ ಕಂಡಾಗ ನೀವು ಇನ್ನೊಂದು ದಾರಿ ಹಿಡಿಯಬೇಕಾಗಿ ಬರುವುದಿಲ್ಲ.