ಬರೆವಾಗ ಕಾಣದ ಕಪ್ಪು

ವ್ಯಾಟಿಕನ್ ವಸ್ತುಸಂಗ್ರಹಾಲಯದಲ್ಲಿ ಸುಮಾರು ಎರಡಡಿ ಎತ್ತರದ ಒಂದು ಮಣ್ಣಿನ ಹೂಜಿ ಇದೆ. ಕ್ರಿಸ್ತಪೂರ್ವ 540ರಿಂದ 530ರ ನಡುವೆ ಅಥೆನ್ಸಿನಲ್ಲಿ ಎಕ್ಸೀಕಿಯಾಸ್ ಎಂಬಾತ ಮಾಡಿದ್ದು; ಸಿಕ್ಕಿದ್ದು ಇಟಲಿಯ ವುಲ್ಚಿಯಲ್ಲಿ. ಅದರ ಮೈಮೇಲೆ ಟ್ರಾಯ್ ಯುದ್ಧದ ಗ್ರೀಕ್ ವೀರರಾದ ಅಕಿಲೀಸ್ ಮತ್ತು ಏಜಾಕ್ಸ್ ಎದುರುಬದುರು ಕೂತು ಆಟದಲ್ಲಿ ಮುಳುಗಿದ್ದಾರೆ. ಒಂದು ಕೈಯಲ್ಲಿ ಈಟಿ, ಇನ್ನೊಂದು ಆಟದ ಮಣೆಯ ಮೇಲೆ. ಅಕಿಲೀಸನ ಬಾಯಿಂದ ಹೊರಟ ಅಕ್ಷರಗಳು ‘ನಾಲ್ಕು’ ಎನ್ನುತ್ತವೆ, ಏಜಾಕ್ಸನವು ‘ಮೂರು’.

ಇಂಥ ಆಟದ ಪ್ರಸಂಗ ಆ ಯುದ್ಧದ ಮಹಾಕಾವ್ಯವಾದ ಇಲಿಯಡ್‌ನಲ್ಲಿ ಎಲ್ಲೂ ಇಲ್ಲ. ಆದರೆ ಇಬ್ಬರೂ ಟ್ರಾಯ್‌ನಿಂದ ಮರಳುವುದಿಲ್ಲವೆಂದು ಅಂದು ಹೂಜಿಯನ್ನು ನೋಡಿದ ಗ್ರೀಕರಿಗೆ ಗೊತ್ತಿತ್ತು. ಏಜಾಕ್ಸನ ಕೊನೆಯನ್ನೂ ಎಕ್ಸೀಕಿಯಾಸನೇ ಬರೆದಿದ್ದಾನೆ, ಈಗ ಫ್ರಾನ್ಸಿನ ಬುಲೋನ್‌ನಲ್ಲಿರುವ ಹೂಜಿಯ ಮೇಲೆ. ಅಲ್ಲಿ ಆ ವೀರ ಒಂಟಿಯಾಗಿ ಬಾಗಿ, ತಾನು ಬೀಳಲಿರುವ ಕತ್ತಿ ಅಲುಗದಂತೆ ಬುಡಕ್ಕೆ ಮಣ್ಣು ಒತ್ತುತ್ತಿದ್ದಾನೆ. ಮಣ್ಣನ್ನು ಒತ್ತುವ ಅಂಗೈ ಕುಂಬಾರನಿಗಲ್ಲದೆ ಇನ್ನಾರಿಗೆ ಹೀಗೆ ಹೊಳೆದೀತು!

ನನ್ನನ್ನು ಇನ್ನೂ ಹೆಚ್ಚು ಬೆರಗಾಗಿಸುವುದು ಕೆಂಪು ಮೈಯ ಮೇಲಿನ ಆ ಚಿತ್ರಗಳ ಕಪ್ಪು. ಅಲ್ಲಿ ಬಳಿದ ಕಪ್ಪು ಬಣ್ಣವೆಂಬುದೇ ಇಲ್ಲ. ಜೇಡಿಮಣ್ಣನ್ನು ನೀರಲ್ಲಿ ಕದಡಿಟ್ಟರೆ ಒರಟು ಕಣಗಳು ತಳಕ್ಕಿಳಿಯುತ್ತವೆ. ಮೇಲುಳಿದ ನಯವಾದ ಬಗ್ಗಡದಲ್ಲೇ ಆತ ಚಿತ್ರ ಬರೆದ. ಮೊದಲು ಗಾಳಿಯಾಡುವ ಆವಿಗೆಯಲ್ಲಿ ಎಲ್ಲವೂ ಕೆಂಪಾಗುತ್ತದೆ. ಆಮೇಲೆ ಕಿಂಡಿಗಳನ್ನು ಮುಚ್ಚಿ ಹೊಗೆ ತುಂಬಿದರೆ ಮಣ್ಣಿನ ಕಬ್ಬಿಣ ಆಮ್ಲಜನಕ ಕಳೆದುಕೊಂಡು ಹೂಜಿಗೆ ಹೂಜಿಯೇ ಕಪ್ಪಾಗುತ್ತದೆ. ಆ ಬಿಸಿಯಲ್ಲಿ ಬಗ್ಗಡದ ಪದರ ಬಿಗಿದು ಗಾಜಿನಂತಾಗುತ್ತದೆ. ಕಿಂಡಿಗಳನ್ನು ಮತ್ತೆ ತೆರೆದಾಗ ಸೂಕ್ಷ್ಮ ರಂಧ್ರಗಳ ಮೈ ಗಾಳಿ ಹೀರಿ ಕೆಂಪಿಗೆ ಮರಳುತ್ತದೆ. ಗಾಜಾದ ಪದರದೊಳಕ್ಕೆ ಗಾಳಿ ಹೋಗದೆ ಅದು ಕಪ್ಪಾಗಿಯೇ ಉಳಿಯುತ್ತದೆ. ಮೈಗೂ ಚಿತ್ರಕ್ಕೂ ಒಂದೇ ಮಣ್ಣು, ಒಂದೇ ಕಬ್ಬಿಣ. ಮುಂದೆ ಮರೆತುಹೋದ ಈ ವಿದ್ಯೆಯ ಗುಟ್ಟನ್ನು 1942ರಲ್ಲಿ ಥಿಯೊಡೋರ್ ಶುಮಾನ್ ಎಂಬ ಜರ್ಮನ್ ರಸಾಯನಶಾಸ್ತ್ರಜ್ಞ ಬಿಡಿಸಿ ತೋರಿಸಿದರು. ಗುಟ್ಟು ತಿಳಿದ ಮೇಲೆ ನನ್ನ ಬೆರಗು ಇಮ್ಮಡಿಯಾಯಿತು.

ಯಾಕೆಂದರೆ, ಬರೆಯುವಾಗ ಎಕ್ಸೀಕಿಯಾಸನ ಕಣ್ಣೆದುರು ಈ ಕಪ್ಪು ಇರಲಿಲ್ಲ. ಮಣ್ಣಿನ ಮೇಲೆ ಮಣ್ಣು, ಹೆಚ್ಚೆಂದರೆ ಒಂದಿಷ್ಟು ಗಾಢ. ಅಷ್ಟರಲ್ಲೇ ಆತ ಇಬ್ಬರ ಮೇಲುವಸ್ತ್ರದ ಕಸೂತಿ, ಗಡ್ಡ, ರೆಪ್ಪೆಗಳನ್ನು ಮೊನೆಯಿಂದ ಕೂದಲೆಳೆಯಷ್ಟು ಸಣ್ಣದಾಗಿ ಕೊರೆದ. ಹೊಗೆ ಸಾಲದಿದ್ದರೆ, ಕಿಂಡಿ ತೆರೆಯುವ ಹೊತ್ತು ತಪ್ಪಿದರೆ, ಅಷ್ಟೂ ಕೆಲಸ ಹಾಳು. ಕೈಗೆ ಮಾತ್ರ ಆ ಅಳುಕು ತಟ್ಟಲೇ ಇಲ್ಲ. ಒಂದು ಗೆರೆಯೂ ನಡುಗಿಲ್ಲ. ಸಾಲದ್ದಕ್ಕೆ ಹೂಜಿಯ ಬಾಯಂಚಿನಲ್ಲಿ, ಬರೆದವನೂ ಮಾಡಿದವನೂ ತಾನೇ ಎಂದು ಹೆಸರನ್ನೂ ಹಾಕಿದ, ಬೆಂಕಿ ಇನ್ನೂ ತನ್ನ ತೀರ್ಪು ಹೇಳುವ ಮೊದಲೇ.