ಕಂಡೆವೆಂಬ ಮಾತು

ಪ್ರಮಾಣಗಳಲ್ಲಿ ಪ್ರತ್ಯಕ್ಷವೇ ಜ್ಯೇಷ್ಠವೆಂದು ಪಾಠಶಾಲೆಯಲ್ಲಿ ಕಲಿತವನು ನಾನು. ಹಾಗೆಯೇ ಕಲಿಸಿದವನೂ ಹೌದು. ಆದರೆ ಯಾವ ಕಣ್ಣಿಗೂ ಗೋಚರಿಸದ ಬೆಳಕಿನಿಂದ ಪಡೆದ ಚಿತ್ರವೊಂದನ್ನು ಮುಂದಿಟ್ಟು ವಿದ್ವಾಂಸರು ‘ಕಂಡೆವು’ ಎಂದರೆ, ಆ ಮಾತನ್ನು ಯಾವ ಪ್ರಮಾಣದೊಳಗೆ ಸೇರಿಸತಕ್ಕದ್ದು?

ನಾನು ಹೇಳುತ್ತಿರುವುದು 2019ನೆಯ ಏಪ್ರಿಲ್‌ನಲ್ಲಿ ಪ್ರಕಟವಾದ ಚಿತ್ರದ ವಿಷಯ. ಕನ್ಯಾರಾಶಿಯ ದಿಕ್ಕಿನಲ್ಲಿ, ಸುಮಾರು 5.5 ಕೋಟಿ ಜ್ಯೋತಿರ್ವರ್ಷಗಳಾಚೆ, ಎಂ 87 ಎಂಬ ಗೆಲಾಕ್ಸಿಯಿರುವುದು. ಅದರ ನಡುವೆ 650 ಕೋಟಿ ಸೂರ್ಯರ ದ್ರವ್ಯವನ್ನು ಅಡಗಿಸಿಕೊಂಡ ಕೃಷ್ಣರಂಧ್ರ. ಅದನ್ನು ಸುತ್ತುವರಿದ ಅನಿಲವನ್ನು ತೂರಿ ಬರಬಲ್ಲ, ಕೇವಲ 1.3 ಮಿಲಿಮೀಟರು ಉದ್ದದ ರೇಡಿಯೋ ತರಂಗಗಳನ್ನು 2017ರಲ್ಲಿ ಹವಾಯಿ, ಅರಿಜೋನಾ, ಮೆಕ್ಸಿಕೋ, ಸ್ಪೇನ್, ಚಿಲಿಗಳಲ್ಲಿ ಏಕಕಾಲಕ್ಕೆ ಹಿಡಿದರು. ಗಾಳಿಯ ತೇವವು ಈ ತರಂಗಗಳನ್ನು ನುಂಗಿಬಿಡುವುದು. ಆದುದರಿಂದಲೇ ಚಿಲಿಯ ಅಟಕಾಮಾ ಮರುಭೂಮಿಯಲ್ಲಿ, 5000 ಮೀಟರು ಎತ್ತರದಲ್ಲಿ, ಉಸಿರಾಟವೇ ಕಷ್ಟವಾದೆಡೆ ಆಲ್ಮಾ ಎಂಬ 66 ಆಂಟೆನಾಗಳ ಸಮುದಾಯವನ್ನು ನಿಲ್ಲಿಸಿರುವರು.

ಇದೆಲ್ಲ ನಮ್ಮ ಹಿರಿಯರಿಗೆ ಮೊದಲೇ ತಿಳಿದಿತ್ತೆನ್ನುವ ಗೋಷ್ಠಿಗೆ ನಾನು ಸೇರಿದವನಲ್ಲ. ನನ್ನ ಮನಸ್ಸನ್ನು ಸೆಳೆದುದು ಯಂತ್ರವೂ ಅಲ್ಲ, ಅನಂತರ ನಡೆದ ಸಂಗತಿ. ಭೂಮಿಯಷ್ಟು ದೊಡ್ಡದಾದರೂ ಆ ದೂರದರ್ಶಕವು ತೂತುಗಳೇ ಹೆಚ್ಚಿರುವ ಜಾಲರಿ. ದೊರೆತ ಅಂಕಿಗಳಿಗೆ ಒಂದಲ್ಲ, ಹಲವು ಚಿತ್ರಗಳು ಹೊಂದಬಹುದು. ಶಾಸ್ತ್ರವೋ, ಉಂಗುರದಂತಹ ಆಕೃತಿ ಕಾಣಬೇಕೆಂದು ಮುಂಚೆಯೇ ಹೇಳಿದ್ದಿತು. ಬೇಕಾದುದನ್ನೇ ತುಂಬಿಕೊಳ್ಳಲು ಮನಸ್ಸಿಗೆ ಎಷ್ಟು ಹೊತ್ತು ಬೇಕು? ಇದನ್ನರಿತು ಅವರು ನಾಲ್ಕು ತಂಡಗಳಾಗಿ ಒಡೆದು, ಒಬ್ಬರೊಡನೊಬ್ಬರು ಮಾತನಾಡದೆ ಬೇರೆಬೇರೆಯಾಗಿ ಚಿತ್ರ ರಚಿಸಿದರು. 2018ರಲ್ಲಿ ಹೋಲಿಸಿ ನೋಡಲು, ನಾಲ್ಕರಲ್ಲಿಯೂ ಉಂಗುರವೇ. ಅಷ್ಟಕ್ಕೂ ತೃಪ್ತರಾಗದೆ, ಉಂಗುರವೇ ಇಲ್ಲದ ಕೃತಕ ಅಂಕಿಗಳನ್ನು ಕೊಟ್ಟು, ತಮ್ಮ ವಿಧಾನವು ಇಲ್ಲದ ಉಂಗುರವನ್ನು ಹುಟ್ಟಿಸುವುದೋ ಎಂದು ಪರೀಕ್ಷಿಸಿದರು.

ನೈಯಾಯಿಕನು ಇದನ್ನು ಅನುಮಾನವೆಂದೇ ಎನ್ನುವನು, ನಾನೂ ಒಪ್ಪುತ್ತೇನೆ. ಆದರೆ ಕಣ್ಣಾರೆ ಕಂಡೆನೆನ್ನುವ ನಮ್ಮಲ್ಲಿ ಎಷ್ಟು ಮಂದಿ ಕಾಣುವ ಮುನ್ನ ಇಷ್ಟು ನಿಗ್ರಹವನ್ನು ಪಾಲಿಸಿದ್ದೇವೆ? ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದ ಕಾಲದಲ್ಲಿ ಅಕ್ಷರದಿಂದಲೇ ಹುಡುಗನನ್ನು ಗುರುತಿಸಿಬಿಡುತ್ತಿದ್ದೆ. ಒಮ್ಮೆ, ದಡ್ಡನೆಂದು ನಾನು ಎಣಿಸಿದ್ದವನೊಬ್ಬನು ಪತ್ರಿಕೆಯನ್ನು ಹಿಡಿದು ಮೇಜಿನ ಬಳಿ ಬಂದು, “ಗುರುಗಳೇ, ಸಂಧಿಯನ್ನು ಸರಿಯಾಗಿಯೇ ಬಿಡಿಸಿದ್ದೇನಲ್ಲವೇ?” ಎಂದನು. ಸರಿಯಾಗಿಯೇ ಬಿಡಿಸಿದ್ದನು. ಅದರ ಮೇಲೆ ನನ್ನ ಕೆಂಪು ಗೆರೆಯಿತ್ತು. ಆ ದಿನ ನನ್ನ ಕಣ್ಣಿಗೆ ಯಾವ ದೋಷವೂ ಇರಲಿಲ್ಲ. ದೀಪವೂ ಚೆನ್ನಾಗಿಯೇ ಉರಿಯುತ್ತಿದ್ದಿತು.